ಚೌಡೇಶ್ವರಿಯವರ ಓರೆ ಗೀಟು

ನಮ್ಮ ಆಫೀಸಿಗೆ ಕಂಪ್ಯೂಟರ್ ಬಂದದ್ದು ೧೯೯೮ರ ಶ್ರಾವಣದಲ್ಲಿ. ಅದಕ್ಕೆ ಮುಂಚೆ ಹದಿನೈದು ವರ್ಷ ಅಲ್ಲಿ ನಕ್ಷೆ ಬರೆದದ್ದು ಒಂದೇ ಕೈ, ಚೌಡೇಶ್ವರಿಯವರದು. ನಾನು ನಿಂಗರಾಜ, ಅದೇ ಆಫೀಸಿನ ಸೈಟ್ ಸೂಪರ್‌ವೈಸರ್. ಅವರು ಬರೆದ ನಕ್ಷೆಯನ್ನು ಸುರುಳಿ ಸುತ್ತಿ, ಸ್ಕೂಟರಿಗೆ ಸಿಕ್ಕಿಸಿಕೊಂಡು, ಕಟ್ಟಡದ ಜಾಗಕ್ಕೆ ಮುಟ್ಟಿಸುವುದು ನನ್ನ ಕೆಲಸ. ಬೇರೆಯವರ ಕೆಲಸದಲ್ಲಿ ಹುಳುಕು ಹುಡುಕುವುದು ನನ್ನ ಚಾಳಿ. ಚೌಡೇಶ್ವರಿಯವರ ಕೆಲಸದಲ್ಲಿ ಅದು ಸಿಗುತ್ತಿರಲಿಲ್ಲ ಎಂಬ ಹೊಟ್ಟೆಯುರಿ ಮೊದಲಿನಿಂದ ಇತ್ತು.

ಅವರು ಹರಿಹರದವರು. ತಂದೆ ಮೈಲಾರಲಿಂಗಪ್ಪ ಹೊಲದ ಕೆಲಸದ ಮನುಷ್ಯ. ಮಗಳು ಐ.ಟಿ.ಐ. ಸೇರಿ ಮನೆಗಳ ನಕ್ಷೆ ಬರೆಯುವುದನ್ನು ಕಲಿಯುತ್ತೇನೆ ಎಂದಾಗ, "ಕಲಿ, ಆದ್ರೆ ನೆಟ್ಟಗೆ ಕಲಿ" ಎಂದಷ್ಟೇ ಹೇಳಿದರಂತೆ. ಇಡೀ ತರಗತಿಗೆ ಒಬ್ಬಳೇ ಹುಡುಗಿ. ನೆಟ್ಟಗೇ ಕಲಿತರು. ಟ್ರೇಸಿಂಗ್ ಹಾಳೆಯ ಮೇಲೆ ಶಾಯಿಯಲ್ಲಿ ತಪ್ಪು ಬಿದ್ದರೆ ಬ್ಲೇಡಿನಿಂದ ಕೆರೆದು ತೆಗೆಯಬೇಕು. ಚೌಡೇಶ್ವರಿಯವರ ಬ್ಲೇಡು ಪೆನ್ಸಿಲ್ ಚೂಪು ಮಾಡುವುದಕ್ಕಷ್ಟೇ ಖರ್ಚಾಗುತ್ತಿತ್ತು. ದಿನಾ ಬೆಳಗ್ಗೆ ಹರಿಹರದಿಂದ ಬಸ್ಸು ಹಿಡಿದು, ಒಂಬತ್ತೂವರೆಗೆ ದಾವಣಗೆರೆ ಕೆ.ಬಿ. ಬಡಾವಣೆಯ ನಮ್ಮ ಆಫೀಸಿನ ಬೀಗ ತೆಗೆಯುತ್ತಿದ್ದವರು ಅವರೇ. ಪ್ರತಿ ಹಾಳೆಯ ಬಲಮೂಲೆಯಲ್ಲಿ 'ಬರೆದವರು' ಎಂಬ ಸಣ್ಣ ಚೌಕ ಇರುತ್ತಿತ್ತು. ಎಲ್ಲ ಮುಗಿದ ಮೇಲೆ, ಪೆನ್ನು ತೊಳೆಯುವ ಮೊದಲು, ಅವರು ಅಲ್ಲಿ ತಮ್ಮ ಹೆಸರು ಬರೆಯುತ್ತಿದ್ದರು.

ನಮ್ಮ ಎಂಜಿನಿಯರ್ ಬಕ್ಕೇಶಪ್ಪನವರಿಗೆ ಹೊಸದೆಂದರೆ ಜೀವ. ಅವರು ತಂದ ಕಂಪ್ಯೂಟರಿನಲ್ಲಿದ್ದ ಸಾಫ್ಟ್‌ವೇರ್ ಬರೀ ಗೀಟು ಎಳೆಯುವಂಥದ್ದಲ್ಲ. ಗೋಡೆ, ಛಾವಣಿ, ಮೆಟ್ಟಿಲು ಎಲ್ಲವನ್ನೂ ಪರದೆಯ ಮೇಲೆ ನಿಜದ ಮನೆಯಂತೆ ನಿಲ್ಲಿಸಿದರೆ, ಪ್ರತಿ ಅಂತಸ್ತಿನ ನಕ್ಷೆಯನ್ನು ತಾನೇ ತೆಗೆದು ಕೊಡುತ್ತಿತ್ತು. ಮಾರಿದವರು ಮೂರು ದಿನ ಕಲಿಸಿ ಹೋದರು. ಚೌಡೇಶ್ವರಿಯವರು ಒಂದು ನೋಟ್‌ಬುಕ್ಕಿನ ತುಂಬ ಬರೆದುಕೊಂಡು, ನಾಲ್ಕನೇ ದಿನ ಮೊದಲ ಹಾಳೆ ತೆಗೆದರು. ತೆಗೆದವರು ಬಲಮೂಲೆ ನೋಡಿದರು. ಅಲ್ಲಿ ಬಕ್ಕೇಶಪ್ಪನವರ ಹೆಸರು ದೊಡ್ಡದಾಗಿತ್ತು, ಬರೆದವರ ಚೌಕವೇ ಇರಲಿಲ್ಲ.

"ನನ್ ಹೆಸ್ರು ಎಲ್ಲಿ ಬರ್ತೈತೆ ಸಾರ್?"

ಬಕ್ಕೇಶಪ್ಪನವರು ನಕ್ಕರು. "ಕಂಪ್ಯೂಟರ್ ಬರ್ದಿದ್ದಕ್ಕೆ ನಿನ್ ಹೆಸ್ರು ಯಾಕಮ್ಮ?"

ಅವರು ಕೆಟ್ಟ ಮನುಷ್ಯರಲ್ಲ, ಬಾಯಿಗೆ ಬಂದದ್ದು ಹೇಳಿದರು. ನಾನೂ ನಕ್ಕೆ. ಚೌಡೇಶ್ವರಿಯವರು ನಗಲಿಲ್ಲ. ಸಂಜೆ ಬಸ್‌ಸ್ಟ್ಯಾಂಡಿನವರೆಗೆ ನನ್ನ ಜೊತೆ ನಡೆದು ಬರುವಾಗ ನೇರವಾಗಿ ಹೇಳಿದರು, "ನಿಂಗರಾಜ, ನಂಗೆ ಮಶೀನು ಕಂಡ್ರೆ ಹೆದ್ರಿಕೆ ಇಲ್ಲ. ಆದ್ರೆ ನನ್ ಕೈ ಅನ್ನೋದು ಇದ್ರಾಗ ಉಳಿಬೇಕಪ್ಪ. ಉಳಿಲಿಲ್ಲ ಅಂದ್ರೆ ನಾ ಯಾಕ ಬರ್ಲಿ ಇಲ್ಲಿಗೆ?"

ಮೊದಲ ಕೆಲಸ ಅಕ್ಕನಾಗಮ್ಮನವರ ಮನೆಯದು. ಅವರು ಕಾಳುಕಡಿ ವ್ಯಾಪಾರದ ಮನೆತನದ ಹೆಂಗಸು. ದೇವರಾಜ ಅರಸು ಬಡಾವಣೆಯಲ್ಲಿ ಎರಡಂತಸ್ತಿನ ಮನೆ ಕಟ್ಟಿಸುತ್ತಿದ್ದರು. ಯಜಮಾನಿಕೆ ಪೂರ್ತಿ ಅವರದೇ. ಕಟ್ಟುವವರು ಮಸ್ತಾನಸಾಬ್, ನಮ್ಮ ಆಫೀಸಿನ ಹಳೆಯ ಗೌಂಡಿ ಮೇಸ್ತ್ರಿ.

ತೊಡಕು ಬಂದದ್ದು ಮೆಟ್ಟಿಲಿನಲ್ಲಿ. ಮನೆಯನ್ನು ನೆಲದಿಂದ ನಾಲ್ಕಡಿ ಎತ್ತರಕ್ಕೆ ಅಡ್ಡಲಾಗಿ ಕತ್ತರಿಸಿ, ಮೇಲಿನ ಭಾಗ ಎತ್ತಿ ಪಕ್ಕಕ್ಕಿಟ್ಟು, ಇಣುಕಿದರೆ ಕಾಣುವುದೇ ನಕ್ಷೆ. ಗೋಡೆಗೆ ಇದರಿಂದ ತೊಂದರೆಯಿಲ್ಲ. ಮೆಟ್ಟಿಲು ಮಾತ್ರ ಹತ್ತುತ್ತ ಹತ್ತುತ್ತ ನಡುವೆ ಕತ್ತರಿಸಿಹೋಗುತ್ತದೆ. ಆ ಜಾಗದಲ್ಲಿ ಒಂದು ಓರೆ ಗೀಟು, ಗೀಟಿನ ನಡುವೆ ಮಿಂಚಿನ ಆಕಾರದ ಒಂದು ಸಣ್ಣ ಸೊಟ್ಟ. ಅದರ ಕೆಳಗಿನ ಮೆಟ್ಟಿಲು ಗಟ್ಟಿ ಗೀಟಿನಲ್ಲಿ, ಮೇಲಿನದು ಚುಕ್ಕಿಗೀಟಿನಲ್ಲಿ. ಕೈಯಲ್ಲಿ ಬರೆಯುವಾಗ ಚೌಡೇಶ್ವರಿಯವರು ಇದನ್ನು ಕಣ್ಣು ಮುಚ್ಚಿ ಮಾಡುತ್ತಿದ್ದರು.

ಕಂಪ್ಯೂಟರಿಗೆ ಇದರ ಗೊಡವೆಯೇ ಇರಲಿಲ್ಲ. ನಿಲ್ಲಿಸಿದ ಮೆಟ್ಟಿಲನ್ನು ಪೂರ್ತಿಯಾಗಿ ಕೆಳಗಿನ ಅಂತಸ್ತಿನ ನಕ್ಷೆಯಲ್ಲೂ ತೋರಿಸಿತು, ಮೇಲಿನದರಲ್ಲೂ ತೋರಿಸಿತು. ಮೆಟ್ಟಿಲ ಕೆಳಗಿನ ಉಗ್ರಾಣದ ಬಾಗಿಲು ಗೀಟುಗಳಡಿ ಹೂತುಹೋಯಿತು. ಚೌಡೇಶ್ವರಿಯವರು ಹುಡುಕಿ ಹುಡುಕಿ, ಮೆಟ್ಟಿಲನ್ನು ಕತ್ತರಿಸಿ ತೋರಿಸುವ ಒಂದು ಆಯ್ಕೆ ಪತ್ತೆಹಚ್ಚಿದರು. ಅದನ್ನು ಒತ್ತಿದರೆ ಮೇಲಿನ ಭಾಗ ಚುಕ್ಕಿಗೀಟಾಯಿತು, ಆದರೆ ಕತ್ತರಿಸಿದ ಜಾಗದಲ್ಲಿ ಕಂಪ್ಯೂಟರ್ ತನ್ನದೇ ಒಂದು ಗೀಟು ಎಳೆಯಿತು. ಓರೆಯಲ್ಲ, ನೇರ. ಮೆಟ್ಟಿಲಿನ ಗೀಟುಗಳ ಪಕ್ಕದಲ್ಲೇ, ಅವುಗಳಷ್ಟೇ ಉದ್ದ.

"ಇದು ಸರಿ ಇಲ್ಲ ಸಾರ್, ಇನ್ನೊಂದು ದಿನ ಕೊಡ್ರಿ" ಎಂದರು.

"ಗೀಟು ಐತಲ್ಲಮ್ಮ, ಸಾಕು" ಎಂದರು ಬಕ್ಕೇಶಪ್ಪನವರು. ಹಾಳೆ ನನ್ನ ಸ್ಕೂಟರ್ ಏರಿತು.

ನಮ್ಮ ಕಡೆ ಮೆಟ್ಟಿಲನ್ನು ಒಂದು, ಎರಡು ಎಂದು ಎಣಿಸುವುದಿಲ್ಲ. ಇಂದ್ರ, ಯಮ, ರಾಜ, ಮತ್ತೆ ಇಂದ್ರ, ಯಮ, ರಾಜ. ಕೊನೆಯದು ಯಮನಾಗಬಾರದು. ಒಂಬತ್ತೂವರೆ ಅಡಿ ಎತ್ತರ, ಆರಾರು ಇಂಚಿನ ಹತ್ತೊಂಬತ್ತು ಮೆಟ್ಟಿಲು, ಕೊನೆಯದು ಇಂದ್ರ. ಚೌಡೇಶ್ವರಿಯವರು ಲೆಕ್ಕ ಹಾಕಿಯೇ ಇಟ್ಟಿದ್ದರು. ಮಸ್ತಾನಸಾಬ್ ಮರಳಿನ ಮೇಲೆ ಹಾಳೆ ಹರಡಿ, ಅಕ್ಕನಾಗಮ್ಮನವರ ಎದುರಿಗೇ ಬೆರಳಿಟ್ಟು ಎಣಿಸಿದರು. ಗಟ್ಟಿ ಗೀಟು ಮುಗಿಸಿ, ಕಂಪ್ಯೂಟರಿನ ನೇರ ಗೀಟನ್ನೂ ಮುಟ್ಟಿ, ಚುಕ್ಕಿಗೀಟಿಗೆ ದಾಟಿದರು. ಇಪ್ಪತ್ತಕ್ಕೆ ಬಂದು ಬೆರಳು ನಿಂತಿತು.

"ಯಮ" ಎಂದರು.

ಅಕ್ಕನಾಗಮ್ಮನವರು ಸೆರಗು ಸಿಕ್ಕಿಸಿದರು. "ನಿಲ್ಸೋ ಮಸ್ತಾನ ಕೆಲ್ಸಾನ. ಯಮನ ಮ್ಯಾಲೆ ಕಾಲಿಟ್ಟು ನಾನು ಮಾಳಿಗೆ ಹತ್ತಂಗಿಲ್ಲ."

ಅದು ಮೆಟ್ಟಿಲಲ್ಲ, ಕತ್ತರಿಸಿದ ಗುರುತು ಎಂದು ನಾನು ಬಡಕೊಂಡೆ. ಮಸ್ತಾನಸಾಬ್ ತಲೆಯಾಡಿಸಿದರು. "ಕತ್ರಿಸಿದ ಗೀಟು ಓರೆ ಇರ್ತೈತ್ರಿ. ಇದು ಚೌಡಮ್ಮಾರ್ದಲ್ಲ. ಯಾರ್ ಬರ್ದಾರ ಇದನ್ನ?"

ನಾನು ಸ್ಕೂಟರ್ ತಿರುಗಿಸಿದೆ. ಆಫೀಸಿಗೆ ಬಂದು ಯಮನ ಸುದ್ದಿ ಹೇಳಿದೆ, ಈ ಮಾತು ಮಾತ್ರ ನುಂಗಿಕೊಂಡೆ. ಚೌಡೇಶ್ವರಿಯವರ ಮುಖ ನೋಡಿ ಹೇಳುವ ಧೈರ್ಯ ಬರಲಿಲ್ಲ.

ಬಕ್ಕೇಶಪ್ಪನವರು ಕೂಗಾಡಿದರು. ಕಾಂಕ್ರೀಟಿಗೆ ಹಲಗೆ ಬಡಿಯುವ ಸೆಂಟ್ರಿಂಗಿನವರು ಕೈಕಟ್ಟಿ ಕುಳಿತಿದ್ದಾರೆ, ಊರೆಲ್ಲ ನಗುತ್ತದೆ. "ಇಂಕ್ ಪೆನ್ ತಗಂಡು ಒಂದ್ ಓರೆ ಗೀಟು ಎಳ್ದು ಕಳ್ಸಮ್ಮ, ಹೋಗ್ಲಿ."

"ಎಳೆಯಲ್ಲ ಸಾರ್."

ಹದಿನೈದು ವರ್ಷದಲ್ಲಿ ಅವರು ಎಂಜಿನಿಯರಿಗೆ ಇಲ್ಲ ಎಂದದ್ದು ನಾನು ಕೇಳಿರಲಿಲ್ಲ.

"ಇವತ್ತು ಪೆನ್ನಾಗೆ ತಿದ್ದಿದ್ರೆ ದಿನಾ ತಿದ್ದಬೇಕಾಗ್ತೈತೆ. ಮಶೀನು ಒಂದು ಕಡೆ, ನಾನೊಂದು ಕಡೆ ಆಗ್ತೀವಿ. ನಾಳೆ ಹತ್ತು ಗಂಟೆಗೆ ಇದ್ರಿಂದಾನೇ ತೆಗೆದು ಕೊಡ್ತೀನಿ. ಆಗ್ಲಿಲ್ಲ ಅಂದ್ರೆ ಬೇರೆಯೋರ್ನ ಕರ್ಕೊಂಡ್ ಬರ್ರಿ, ನಾನೇ ಕುರ್ಚಿ ಬಿಟ್ಟು ಕೊಡ್ತೀನಿ."

ಹೇಳಿದ ಧ್ವನಿಯಲ್ಲಿ ಅಳುಕಿರಲಿಲ್ಲ. ಹಳೆಯ ಟ್ರೇಸಿಂಗ್ ಹಾಳೆಯೊಂದನ್ನು ತೆಗೆದು ಪರದೆಯ ಪಕ್ಕಕ್ಕೆ ಅಂಟಿಸಿದರು. ತಮ್ಮದೇ ಕೈಬರಹದ ಮೆಟ್ಟಿಲನ್ನು ಸ್ಕೇಲಿನಿಂದ ಅಳೆದರು. ಆ ಗೀಟು ಎಷ್ಟು ಓರೆ, ಸೊಟ್ಟ ಎಷ್ಟು ದೊಡ್ಡದು ಎಂಬುದು ಅವರ ಕೈಗೆ ಗೊತ್ತಿತ್ತೇ ಹೊರತು ಅವರಿಗೇ ಲೆಕ್ಕ ಗೊತ್ತಿರಲಿಲ್ಲ. ಅಳೆದದ್ದನ್ನೆಲ್ಲ ನೋಟ್‌ಬುಕ್ಕಿಗೆ ಇಳಿಸಿದರು. ಆಮೇಲೆ ಕಂಪ್ಯೂಟರಿನ ನೇರ ಗೀಟನ್ನು ಕಾಣದಂತೆ ಮಾಡಿ, ತಮ್ಮ ಓರೆ ಗೀಟನ್ನು ಬೇರೆಯಾಗಿ ಬರೆದು, ಮೆಟ್ಟಿಲಿನ ಗೀಟುಗಳು ಅದನ್ನು ದಾಟಿ ಇಣುಕದ ಹಾಗೆ ಅದರ ಹಿಂದೆ ಒಂದು ಬಿಳಿ ಪಟ್ಟಿ ಇಟ್ಟರು. ಕೆಳಗಿನ ನಕ್ಷೆಗೆ ಒಂದು ರೀತಿ, ಮೇಲಿನದಕ್ಕೆ ಒಂದು ರೀತಿ. ಉಗ್ರಾಣದ ಬಾಗಿಲು ಚುಕ್ಕಿಗೀಟಿನ ನಡುವೆ ಎದ್ದು ಬಂತು. ನಡುವೆ ಎರಡು ಸಲ ಕರೆಂಟು ಹೋಯಿತು, ಒಮ್ಮೆ ಮಾಡಿದ್ದೆಲ್ಲ ಅಳಿಸಿಹೋಯಿತು. ಅಳೆದ ಲೆಕ್ಕ ನೋಟ್‌ಬುಕ್ಕಿನಲ್ಲಿತ್ತಲ್ಲ, ಇನ್ನೊಮ್ಮೆ ಮಾಡಿದರು. ಆರು ಗಂಟೆಯ ಬಸ್ಸಿಗೆ ಎಂದಿನಂತೆ ಹೊರಟರು.

ಮರುದಿನ ಹತ್ತಕ್ಕೆ ಹಾಳೆ ತಯಾರಿತ್ತು. ಬಕ್ಕೇಶಪ್ಪನವರು ತಾವೇ ನನ್ನ ಜೊತೆ ಬಂದರು. ಮಸ್ತಾನಸಾಬ್ ಮತ್ತೆ ಮರಳಿನ ಮೇಲೆ ಹರಡಿದರು. ಅಕ್ಕನಾಗಮ್ಮನವರು ಸೊಂಟದ ಮೇಲೆ ಕೈಯಿಟ್ಟು ನಿಂತರು. ಬೆರಳು ಗಟ್ಟಿ ಗೀಟುಗಳನ್ನು ಮುಗಿಸಿ, ಓರೆ ಗೀಟಿನ ಬಳಿ ಬಂದು, ಅದನ್ನು ಮುಟ್ಟದೆ ದಾಟಿ, ಚುಕ್ಕಿಗೀಟುಗಳ ಮೇಲೆ ನಡೆದು ಹತ್ತೊಂಬತ್ತಕ್ಕೆ ನಿಂತಿತು.

"ಇಂದ್ರ. ಶುರು ಹಚ್ಚಾನೇನ್ರಿ ಅಮ್ಮಾರೆ?"

"ಹಚ್ಚು ಹಚ್ಚು" ಎಂದರು ಅಕ್ಕನಾಗಮ್ಮ.

ಮಸ್ತಾನಸಾಬ್ ಹಾಳೆ ಸುತ್ತುತ್ತ ನಮ್ಮ ಕಡೆ ತಿರುಗಿದರು. "ಇದು ಚೌಡಮ್ಮಾರ್ದು. ನಿನ್ನೇದು ಯಾರ್ದ್ರಿ ಸಾರ್?"

ಬಕ್ಕೇಶಪ್ಪನವರು ಬೆಪ್ಪಾದರು. "ಎರಡೂ ಕಂಪ್ಯೂಟರಿಂದೇ ಕಣೋ. ಎರಡ್ರಾಗೂ ಅವಳ ಹೆಸ್ರೇ ಇಲ್ಲ. ಹೆಂಗೆ ಗೊತ್ತಾತು ನಿಂಗೆ?"

"ಹೆಸ್ರು ಓದಾಕೆ ನಂಗೆಲ್ಲಿ ಬರ್ತೈತ್ರಿ ಸಾರ್? ಅಂಕಿ ಬಿಟ್ರೆ ಒಂದಕ್ಷರ ಬರಾಂಗಿಲ್ಲ. ಹದಿನೈದು ವರ್ಷದಿಂದ ನಾ ಅವ್ರ ಮೆಟ್ಲು ನೋಡೇ ಅವ್ರನ್ನ ಗುರ್ತು ಹಿಡಿಯೋದು."

ಬಕ್ಕೇಶಪ್ಪನವರು ನನ್ನ ಸ್ಕೂಟರಿನ ಹಿಂದೆ ಕುಳಿತು ವಾಪಸು ಬಂದರು. ಆಫೀಸಿನಲ್ಲಿ ನಾನು ಮಸ್ತಾನಸಾಬರ ಎರಡು ದಿನದ ಮಾತನ್ನೂ, ನುಂಗಿದ್ದನ್ನೂ ಸೇರಿಸಿ, ಚೌಡೇಶ್ವರಿಯವರಿಗೆ ಒಪ್ಪಿಸಿದೆ. ಅವರು ಇನ್ನೊಮ್ಮೆ ಹೇಳಿಸಿದರು. ಕಣ್ಣು ತುಂಬಿತು, ಮುಚ್ಚಿಡಲಿಲ್ಲ.

ಬಕ್ಕೇಶಪ್ಪನವರು ಕೆಮ್ಮಿದರು. "ಮೂಲ್ಯಾಗೆ ಒಂದ್ ಚೌಕ ಮಾಡಿ ನಿನ್ ಹೆಸ್ರು ಹಾಕ್ಕೊಳ್ಳಮ್ಮ."

"ಹಾಕ್ತೀನಿ ಸಾರ್" ಎಂದರು ಅವರು, ಕಣ್ಣೊರೆಸಿಕೊಂಡು. "ಮಸ್ತಾನಸಾಬ್ರಿಗೇನು ಬೇಕಾಗಿಲ್ಲ. ಬರೀ ಓದಾಕಷ್ಟೇ ಬರೋರ್ಗೆ ಇರ್ಲಿ."

ಹೇಳಿ, ಪರದೆಯ ಕಡೆ ತಿರುಗಿ ಮುಂದಿನ ಮನೆಯ ಮೆಟ್ಟಿಲು ತೆರೆದರು.