ಕೌದಿಯ ಕೊನೆಯ ಮೂಲೆ

ಬೆಂಗೇರಿಯ ಶೇವಂತೆವ್ವ ಸೂಜಿ ಹಿಡಿದು ಮೂವತ್ತು ವರ್ಷವಾಗಿತ್ತು. ಸುಳ್ಳ ಎಂಬ ಊರಿನ ತವರಿನಲ್ಲಿ ಅವ್ವನ ಮಗ್ಗುಲಲ್ಲಿ ಕೂತು ಕಲಿತ ವಿದ್ಯೆ. ಜನ ತಮ್ಮ ಮನೆಯ ಹಳೆಯ ಸೀರೆ, ಧೋತರ, ಮಕ್ಕಳ ಅಂಗಿ ಗಂಟು ಕಟ್ಟಿ ತಂದುಕೊಡುವರು. ಹೊದೆಯುವವರು ಯಾರೆಂದು ಕೇಳಿ, ಅವರ ಅಳತೆಗೆ ಆ ಬಟ್ಟೆಗಳನ್ನು ಜೋಡಿಸಿ ಕೌದಿ ಹೊಲಿದುಕೊಡುವಳು. ಅದರಲ್ಲಿ ಗೊಂದಲಪಡುವಂಥದ್ದು ಏನೂ ಇರಲಿಲ್ಲ. ಗೊಂದಲ ಬಂದದ್ದು ೧೯೬೧ರ ಚಳಿಗಾಲದಲ್ಲಿ, ತಂದವರು ಶಾಲೆಯಲ್ಲಿ ಕಲಿಸುವ ದೇವಕ್ಕ.

"ಹುಬ್ಬಳ್ಳ್ಯಾಗ ಕೈಕಸಬಿನ ಪ್ರದರ್ಶನ ಐತಿ, ಶೇವಂತೆವ್ವ. ಒಂದು ಛಲೋ ಕೌದಿ ಹೊಲದು ಕೊಡು, ಮಾರಾಕ ಇಡೂಣು. ಮ್ಯಾಲೆ ನಿನ್ನ ಹೆಸರು ಬರದು ಹಚ್ಚತೇನಿ," ಎಂದು ಅವರು ದರ್ಜಿಯ ಅಂಗಡಿಯ ಹೊಸ ಬಟ್ಟೆ ತುಂಡುಗಳ ಗಂಟನ್ನು ಮುಂದಿಟ್ಟರು.

ಹೆಸರು ಎಂದ ಕೂಡಲೇ ಶೇವಂತೆವ್ವನ ಎದೆ ಉಬ್ಬಿತು. ಅವಳು ಹೊಲಿದದ್ದನ್ನೆಲ್ಲ ಜನ ಪಾಟೀಲರ ಕೌದಿ, ದೇಸಾಯರ ಕೌದಿ ಎನ್ನುತ್ತಿದ್ದರೇ ಹೊರತು ಶೇವಂತೆವ್ವನ ಕೌದಿ ಎಂದು ಒಬ್ಬರೂ ಅಂದಿರಲಿಲ್ಲ. ಏನಾದರಾಗಲಿ, ಇದು ಪ್ರದರ್ಶನ ಸೇರಲೇಬೇಕು ಎಂದುಕೊಂಡಳು.

"ಯಾರಿಗ್ರಿ ಅಕ್ಕಾರ?" ಎಂದು ವಾಡಿಕೆಯಂತೆ ಕೇಳಿದಳು.

"ಯಾರಿಗಂತ ಹೇಳ್ಲಿ? ಯಾರು ಕೊಂಡ್ರ ಅವರಿಗೆ."

ಅಲ್ಲಿಂದ ತಲೆ ಕೆಟ್ಟಿತು. ಈ ಯಾರೋ ಅನ್ನುವವರು ಎಷ್ಟು ಉದ್ದ ಇರುತ್ತಾರೆ? ಎರಡು ದಿನ ತುಂಡುಗಳನ್ನು ಹರಡಿದಳು, ಮಡಚಿದಳು. ಕೊನೆಗೆ ಹತ್ತಿ ಗಿರಣಿಯಿಂದ ದಣಿದು ಬಂದ ಗಂಡ ಗಂಗಪ್ಪನೇ ಸಿಕ್ಕಿಬಿದ್ದ. "ಇಲ್ಲಿ ಬರ್ರಿ, ಒಂದೀಟು ಅಡ್ಡಾಗ್ರಿ." ಅವನೋ, ನೆಲಕ್ಕೆ ಬೆನ್ನು ತಾಗಿದ್ದೇ ತಡ ಗೊರಕೆ ಹೊಡೆದ. ತಲೆಯಿಂದ ಹಿಮ್ಮಡದವರೆಗೆ ಅಳತೆ ತೆಗೆದುಕೊಂಡಳು.

ಬಣ್ಣದಲ್ಲೂ ಅದೇ ಪೇಚು. ಅಜ್ಜಿಯ ಸೀರೆಯ ಪಕ್ಕ ಮೊಮ್ಮಗನ ಅಂಗಿ ಇಡುವುದು ಅವಳ ಕ್ರಮ. ಈ ತುಂಡುಗಳಿಗೆ ಅಜ್ಜಿಯೂ ಇಲ್ಲ, ಮೊಮ್ಮಗನೂ ಇಲ್ಲ. ಸುಮ್ಮನೆ ಕೆಂಪಿನ ಪಕ್ಕ ಹಳದಿ ಇಟ್ಟಳು. ಚಂದ ಕಂಡಿತು, ಚಂದ ಕಂಡದ್ದಕ್ಕೂ ಅನುಮಾನಪಟ್ಟಳು.

ಕಡೆಗೆ ಒಂದು ಮೂಲೆ ಉಳಿಯಿತು. ಅದನ್ನು ಮುಚ್ಚುವ ಮುನ್ನ ಒಳಗೆ ರೊಟ್ಟಿಯ ಚೂರು ಇಡಬೇಕು. ಹಸಿದ ಕೌದಿ ಹೊದ್ದವರು ಹಸಿದೇ ಇರುತ್ತಾರೆ ಎಂದು ಅವ್ವ ಹೇಳಿಕೊಟ್ಟಿದ್ದಳು. ಆ ಚೂರು ಹೊದೆಯುವವರ ಮನೆಯದೇ ಆಗಬೇಕು. ಒಂದು ಮನೆಯಲ್ಲಿ ಉಂಡ ಕೌದಿಯನ್ನು ಇನ್ನೊಂದು ಮನೆಗೆ ಕೊಡುವ ಪದ್ಧತಿಯೂ ಇಲ್ಲ. ಶೇವಂತೆವ್ವ ದೇವಕ್ಕನ ಮನೆಗೆ ಓಡಿದಳು.

"ಯಾರ ಮನಿ ರೊಟ್ಟಿ ಇಡಬೇಕ್ರಿ ಅಕ್ಕಾರ?"

ದೇವಕ್ಕ ನಕ್ಕರು. "ರೊಟ್ಟಿ ಬಿಡು, ಮೂಲಿ ಹೊಲದುಬಿಡು. ಒಳಗ ಯಾರು ನೋಡ್ತಾರ? ಮೂಲಿ ತೆರದಿದ್ರ ಪ್ರದರ್ಶನದವರು ತಗೊಳ್ಳೂದಿಲ್ಲ ನೋಡು. ನಾಳೆ ಮುಂಜಾನೆ ಟಾಂಗಾ ತರ್ತೇನಿ."

ಮರುದಿನ ಬೆಳಿಗ್ಗೆಯೂ ಸೂಜಿ ಆ ಮೂಲೆಯಲ್ಲೇ ಚುಚ್ಚಿಕೊಂಡಿತ್ತು. ರೊಟ್ಟಿ ಇಡದೆ ಮುಚ್ಚಲು ಕೈ ಬಾರದು. ತನ್ನ ಮನೆಯದು ಇಟ್ಟರೆ ಮಾರುವ ಹಾಗಿಲ್ಲ. ಮಾರದಿದ್ದರೆ ಹೆಸರೂ ಇಲ್ಲ. ಶೇವಂತೆವ್ವನಿಗೆ ಅಳುವೇ ಬಂತು, ಅಳುತ್ತಲೇ ಗಂಡನ ಮುಂದೆ ಹೇಳಿಕೊಂಡಳು. ರೊಟ್ಟಿ ತಿನ್ನುತ್ತಿದ್ದ ಗಂಗಪ್ಪ ಎಲ್ಲ ಕೇಳಿಸಿಕೊಂಡ.

"ಅಲ್ಲ, ಮಗಳನ್ನ ಗಂಡನ ಮನಿಗೆ ಕಳಸೂ ಮುಂದ ಹಸದ ಹೊಟ್ಟೀಲೆ ಕಳಸ್ತಾರೇನು? ತವರಮನ್ಯಾಗ ಉಣಿಸೇ ಕಳಸ್ತಾರಿಲ್ಲೋ?" ಎಂದು ತನ್ನ ತಾಟಿನ ರೊಟ್ಟಿ ಮುರಿದು ಒಂದು ಚೂರು ಕೊಟ್ಟ.

ಮಕ್ಕಳಿಲ್ಲದ ಮನೆ ಅದು. ಅಲ್ಲಿಂದ ಯಾರನ್ನೂ ಹಾಗೆ ಉಣಿಸಿ ಕಳಿಸಿದ್ದಿರಲಿಲ್ಲ. ಶೇವಂತೆವ್ವ ಚೂರು ಇಟ್ಟು ಮೂಲೆ ಹೊಲಿದಳು.

ಟಾಂಗಾ ಬಂತು. ದೇವಕ್ಕ ಮೂಲೆ ನೋಡಿ ಮೆಚ್ಚಿ, ಹೆಸರು ಬರೆದ ಚೀಟಿಯನ್ನು ಕೌದಿಗೆ ಹಚ್ಚಿ ಗಟ್ಟಿಯಾಗಿ ಓದಿದರು: "ಶೇವಂತೆವ್ವ ಗಂಗಪ್ಪ, ಬೆಂಗೇರಿ. ಸಮಾಧಾನ ಆತಿಲ್ಲೋ?"

ಶೇವಂತೆವ್ವನ ಕೈ ಕೌದಿಯ ಸೆರಗು ಬಿಡಲಿಲ್ಲ.

"ನನ್ನ ಹೆಸರು ಇರ್ಲಿ ಬಿಡ್ರಿ ಅಕ್ಕಾರ. ಇದು ಯಾರ ಮನಿಗೆ ಹೋಗತೈತಿ, ಅವರ ಹೆಸರು ಬರಕೊಂಡು ಬರ್ರಿ."