ಅಕ್ಕ ಕೀಬೋರ್ಡ್ ಮುಟ್ಟದ ದಿನ

ಅಕ್ಕನ ಬಲಗೈ ತೋರುಬೆರಳಿನ ಉಗುರು ಹಳದಿ. ಅವರ ಊರು ಕುದೇರಿನ ಮನೆಯಲ್ಲಿ ಅರಿಶಿನ ಬೇಯಿಸಿ ಒಣಗಿಸುವ ದಿನಗಳಲ್ಲಂತೂ ಬೆರಳು ಪೂರ್ತಿ ಹಳದಿಯಾಗಿ, ನಮ್ಮ ಲ್ಯಾಬಿನ ಎಂಟರ್ ಕೀ ಮೇಲೂ ಬಣ್ಣ ಅಂಟಿರುತ್ತಿತ್ತು. ನಾನು ಗೊಣಗುತ್ತಾ ಒರೆಸುತ್ತಿದ್ದೆ. "ಮಂಗ್ಳವಾರ ಅರಿಸ್ನ ಒರೆಸ್ಬ್ಯಾಡ ಕಣಮ್ಮಿ" ಅನ್ನುತ್ತಿದ್ದರು ಅಕ್ಕ. ನಾನು ಒರೆಸಲು ಹೊರಟರೆ ಅವರಿಗೆ ಬುಧವಾರವೂ ಮಂಗಳವಾರವೇ.

ಗುಂಡ್ಲುಪೇಟೆಯ ಹೆಣ್ಣುಮಕ್ಕಳ ಕಾಲೇಜೊಂದರ ಕಂಪ್ಯೂಟರ್ ಲ್ಯಾಬಿಗೆ ಅವರು ಅಟೆಂಡರ್. ಪ್ರಿನ್ಸಿಪಾಲರಿಂದ ಹಿಡಿದು ಎಲ್ಲರೂ ಕರೆಯುತ್ತಿದ್ದುದು ಅಕ್ಕ ಅಂತಲೇ. ಚಾಮರಾಜನಗರದಲ್ಲಿ ಬಸ್ಸು ಬದಲಾಯಿಸಿ ಬಂದರೂ, ಊರಲ್ಲೇ ಇದ್ದ ನನಗಿಂತ ಮುಂಚೆ ಲ್ಯಾಬಿನ ಬೀಗ ತೆಗೆದಿರುತ್ತಿದ್ದರು. ಚಪ್ಪಲಿ ಹೊರಗೆ ಬಿಟ್ಟು ನೇರ ಸರ್ವರಿನ ಹತ್ತಿರ ಹೋಗಿ, "ಚೆನ್ನಾಗಿದ್ದೀಯೇನಪ್ಪ" ಅಂತ ವಿಚಾರಿಸಿಯೇ ಪೊರಕೆ ಹಿಡಿಯುವುದು.

ಆ ಸರ್ವರಿಗೆ ವಿಂಡೋಸ್ ಬದಲು ಲಿನಕ್ಸ್ ಹಾಕಿದ್ದವರು ಹಿಂದೆ ಅಲ್ಲಿದ್ದ ಒಬ್ಬ ಮಲಯಾಳಿ ಮೇಷ್ಟ್ರು. ಊರಿಗೆ ವಾಪಸು ಹೋಗುವ ಮುಂಚೆ ಅದನ್ನು ನೋಡಿಕೊಳ್ಳುವ ಬಗೆಯನ್ನು ಅಕ್ಕನಿಗೆ ಹೇಳಿಕೊಟ್ಟಿದ್ದರಂತೆ. ಅಕ್ಕ ಅದನ್ನೆಲ್ಲ ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ ಕನ್ನಡ ಅಕ್ಷರದಲ್ಲೇ ಬರೆದುಕೊಂಡಿದ್ದರು. "ಸುಡೋ ಆಪ್ಟ್ ಪರ್ಜ್, ಜಾಗ ಬಿಟ್ಟು ಎಸ್ರು" ಅನ್ನುವ ಥರ; ಬೇಡದ ತಂತ್ರಾಂಶವನ್ನು ಹೆಸರು ಸಮೇತ ತೆಗೆದುಹಾಕುವ ಆದೇಶ ಅದು. ಮೊದಲ ಸಲ ನೋಡಿದಾಗ ನಾನು ಬಿದ್ದುಬಿದ್ದು ನಕ್ಕಿದ್ದೆ. ನಾನು ಬಿ.ಸಿ.ಎ. ಓದಿದವಳು, ಆ ವರ್ಷವಷ್ಟೇ ಹಂಗಾಮಿಯಾಗಿ ಸೇರಿದ ಲ್ಯಾಬ್ ಬೋಧಕಿ. ತಲೆ ಸ್ವಲ್ಪ ಮೇಲೇ ಇತ್ತು, ಒಪ್ಪಿಕೊಳ್ಳುತ್ತೇನೆ.

ದಸರೆಯ ಹೊತ್ತಿಗೆ ಸರ್ವರ್ ಅಪ್‌ಡೇಟ್ ಆಗದೆ ಹಟ ಹಿಡಿಯಿತು. ಬೂಟ್‌ನಲ್ಲಿ ಜಾಗವಿಲ್ಲ ಅಂತ ಒಂದೇ ದೂರು. ಕಂಪ್ಯೂಟರ್ ಏಳುವಾಗ ಬೇಕಾದ ಕರ್ನಲ್ ಎಂಬ ಮೂಲ ತಂತ್ರಾಂಶ ಇರುವ ಪುಟ್ಟ ಪಾಲು ಅದು. ಪ್ರತಿ ಸಲವೂ ಹೊಸ ಕರ್ನಲ್ ಬಂದು ಕೂರುತ್ತದೆ, ಹಳೆಯದು ಎದ್ದು ಹೋಗುವುದಿಲ್ಲ. ಹೀಗೆ ನಾಲ್ಕು ಸೇರಿ ಅಲ್ಲಿ ಕಾಲಿಡಲು ಜಾಗವಿರಲಿಲ್ಲ. ಹಬ್ಬಕ್ಕೆ ಊರಿಗೆ ಹೊರಟಿದ್ದ ಅಕ್ಕ ಬಾಗಿಲಲ್ಲೇ ನಿಂತು, "ಅದ್ನ ಮುಟ್ಬ್ಯಾಡ. ನಾನ್ ಬಂದ್ಮೇಲೆ ಇಬ್ರೂ ಕುಂತ್ಕಂಡು ಮಾಡನ" ಅಂದರು.

ಮುಟ್ಟಬೇಡ ಅಂದರೆ ಕೈ ಸುಮ್ಮನಿರುತ್ತದೆಯೇ. ಮಾರನೇ ದಿನ ಆಯುಧಪೂಜೆ. ನಮ್ಮ ಕಡೆ ಅವತ್ತು ಕುಡುಗೋಲಿನಿಂದ ಕಂಪ್ಯೂಟರಿನವರೆಗೆ ಎಲ್ಲವೂ ತೊಳೆದು ಒರೆಸಿ ಶುದ್ಧವಾಗಬೇಕು. ಮೇಜು ಒರೆಸಿದೆ, ಫ್ಯಾನಿನ ಧೂಳು ಕೊಡವಿದೆ, ಅದೇ ಹುಮ್ಮಸ್ಸಿನಲ್ಲಿ ಸರ್ವರಿನ ಹೊಟ್ಟೆಯನ್ನೂ ಶುದ್ಧ ಮಾಡಲು ಕೂತೆ. ಪಟ್ಟಿಯಲ್ಲಿ ಕರ್ನಲ್‌ಗಳ ಸಂಖ್ಯೆ ಮೇಲಿನಿಂದ ಕೆಳಕ್ಕೆ 101, 105, 91, 94 ಎಂದಿತ್ತು. ಕಡೆಯಲ್ಲಿರುವುದೇ ಹೊಸದು ಅಂದುಕೊಂಡು ಅದೊಂದನ್ನು ಉಳಿಸಿ, ಮೇಲಿನ ಮೂರರ ಫೈಲುಗಳನ್ನೂ ಅಳಿಸಿಬಿಟ್ಟೆ. ಸರ್ವರ್ ಏನೂ ಆಗದ ಹಾಗೆ ಓಡುತ್ತಲೇ ಇತ್ತು. ವರ್ಷಕ್ಕೊಂದು ದಿನ ಯಂತ್ರಕ್ಕೂ ವಿಶ್ರಾಂತಿ ಕೊಡಬೇಕಲ್ಲ ಅಂತ ಅದನ್ನು ಆಫ್ ಮಾಡಿ, ಕುಂಕುಮವಿಟ್ಟು, ಚೆಂಡುಹೂವು ಏರಿಸಿ, ಬೀಗ ಹಾಕಿ ಮನೆಗೆ ಹೋದೆ.

ಹಬ್ಬ ಮುಗಿದ ಮಾರನೇ ದಿನ ಹತ್ತು ಗಂಟೆಗೆ ಪ್ರಾಕ್ಟಿಕಲ್ ಪರೀಕ್ಷೆ. ಮೂವತ್ತಾರು ಹುಡುಗಿಯರ ಪ್ರಾಜೆಕ್ಟ್ ಇದ್ದದ್ದು ಆ ಸರ್ವರಿನಲ್ಲಿ ಮಾತ್ರ. ಚಾಮರಾಜನಗರದಿಂದ ಪರೀಕ್ಷಕರು ಬಸ್ಸು ಹತ್ತಿಯಾಗಿತ್ತು. ನನ್ನ ಕೆಲಸ ಮುಂದುವರಿಸುವುದೋ ಬೇಡವೋ ಅನ್ನುವುದೂ ಅದೇ ತಿಂಗಳು ತೀರ್ಮಾನವಾಗಬೇಕಿತ್ತು. ಅವತ್ತು ಅಕ್ಕನಿಗಿಂತ ಮುಂಚೆ ಬಂದು ಎಂಟೂವರೆಗೆ ಸ್ವಿಚ್ ಹಾಕಿದೆ. ಕಪ್ಪು ಪರದೆಯ ಮೇಲೆ ಫೈಲ್ ಸಿಗುತ್ತಿಲ್ಲ ಎಂಬ ಒಂದು ಸಾಲು ಬಂದು ನಿಂತಿತು. ಬೇಗ ಬಂದಿದ್ದ ಒಬ್ಬ ಹುಡುಗಿಯ ಮುಂದೆಯೇ ಅತ್ತುಬಿಟ್ಟೆ.

ಅಕ್ಕ ಬಂದರು, ಚಪ್ಪಲಿ ಬಿಟ್ಟರು, ಪರದೆ ನೋಡಿದರು. "ಏನೇನ್ ಅಳಿಸ್ದೆ, ಯೋಳು."

ಹೇಳಿದೆ. ಬಯ್ಯುತ್ತಾರೆ ಅಂದುಕೊಂಡೆ. "ನೂರೊಂದು ದೊಡ್ದಾ, ತೊಂಬತ್ನಾಕು ದೊಡ್ದಾ?" ಅಂತ ಕೇಳಿದರು.

"ನೂರೊಂದು" ಅಂದೆ, ಪಾತಾಳದಿಂದ.

"ಅದು ಮೊದಲ್ನೇ ಅಂಕಿ ನೋಡ್ಕಂಡು ಸಾಲಲ್ಲಿ ನಿಲ್ಸದೆ. ಒಂದಿರದು ಮೇಲ್ಕೆ, ಒಂಬತ್ತಿರದು ಕೆಳೀಕೆ. ಹೊಸವ್ನೆಲ್ಲ ಅಳಿಸ್ಬುಟ್ಟು ಹಳೇದ್ನ ಮಡಿಕಂಡಿದ್ದೀಯ. ಓಗ್ಲಿ, ಅದೊಂದಾದ್ರೂ ಉಳೀತಲ್ಲ. ಕುಂತ್ಕ."

"ನೀವೇ ಮಾಡಿ ಅಕ್ಕ, ನಾನು ಇನ್ನಷ್ಟು ಕೆಡಿಸಿಬಿಡ್ತೀನಿ."

"ಕೆಡಕಿಲ್ಲ ಬುಡು. ನಾನ್ ಮುಟ್ಟಕಿಲ್ಲ." ಅಕ್ಕ ಎರಡೂ ಕೈಯನ್ನು ಸೆರಗಿನಲ್ಲಿ ಸುತ್ತಿಕೊಂಡು ನನ್ನ ಹಿಂದೆ ನಿಂತರು. ನನಗೆ ಸಿಟ್ಟೇ ಬಂತು. ಪ್ರಾಣ ಹೋಗುತ್ತಿರುವಾಗ ಪಾಠ ಮಾಡುವ ಹೊತ್ತೇ ಇದು ಅನ್ನಿಸಿತು.

ಮತ್ತೆ ಆನ್ ಮಾಡಿ, ಮೊದಲು ಬರುವ ಪಟ್ಟಿಯಲ್ಲಿ ಕೆಳಗಿನ ಸಾಲಿಗೆ ಇಳಿದು 94 ಆರಿಸಿಕೊ ಅಂದರು. ಆರಿಸಿದೆ. ಒಂದು ನಿಮಿಷ ಅಕ್ಷರಗಳು ಓಡಿದವು. ಸರ್ವರ್ ಎದ್ದಿತು. ಮೂವತ್ತಾರು ಪ್ರಾಜೆಕ್ಟೂ ಇದ್ದ ಜಾಗದಲ್ಲೇ ಇದ್ದವು. ನಾನು ಎದ್ದು ಅಕ್ಕನನ್ನು ತಬ್ಬಿಕೊಳ್ಳಲು ಹೋದರೆ ಭುಜ ಒತ್ತಿ ಕೂರಿಸಿದರು.

"ಮುಗೀನಿಲ್ಲ ಇನ್ನ. ಮಕ್ಕಳು ಬುಟ್ಟೋದ್ರೂ ಹಾಜರಿ ಪುಸ್ತಕದಲ್ಲಿ ಎಸ್ರು ಅಂಗೇ ಅದೆ ನೋಡು, ಅಂಗಾಗದೆ ಇದು. ಫೈಲ್ ಅಳಿಸುದ್ರೆ ಸಾಲಕಿಲ್ಲ, ಎಸ್ರು ಹೊಡಿಸ್ಬೇಕು."

ನಾನು ನಕ್ಕಿದ್ದ ಆ ನೋಟ್‌ಬುಕ್ ತೆರೆದು ಅಕ್ಕ ಓದಿದರು, ನಾನು ಟೈಪ್ ಮಾಡಿದೆ. 91 ಮತ್ತು 101ನ್ನು ಕ್ರಮವಾಗಿ ತೆಗೆಸಿದರು, 105ನ್ನು ಮತ್ತೆ ಹಾಕಿಸಿದರು, ಏಳುವ ಪಟ್ಟಿಯನ್ನು ಹೊಸದಾಗಿ ಬರೆಸಿದರು. "ಹೊಸದೊಂದು, ಈಗ ಓಡ್ತಿರ ಹಳೇದೊಂದು. ಎರಡೇ ಸಾಕು, ಮಿಕ್ಕಿದ್ದು ಕಳ್ಸ್ಬುಡು. ಒಂದೇ ಅಂತ ಮಾತ್ರ ಯಾವತ್ತೂ ಮಡಗಬ್ಯಾಡ" ಅಂದರು. ಇಷ್ಟಾಗುವಾಗ ಒಂಬತ್ತೂವರೆ.

"ಈಗ ಮಲಗ್ಸಿ ಎಬ್ಬಿಸು" ಅಂದರು.

"ಓಡ್ತಾ ಇದೆಯಲ್ಲ ಅಕ್ಕ, ಪರೀಕ್ಷೆ ಮುಗಿಯಲಿ" ಅಂತ ಅಂಗಲಾಚಿದೆ.

"ನಡುವ್ನಲ್ಲಿ ಕರೆಂಟ್ ಓದ್ರೆ? ಮಕ್ಕಳ ಮುಂದೆ ಅಳ್ತೀಯಾ?"

ಮಲಗಿಸಿದೆ. ಆ ಎರಡು ನಿಮಿಷದಲ್ಲಿ ನಾನು ಮಹದೇಶ್ವರನಿಗೆ ಹೇಳಿಕೊಂಡ ಹರಕೆಗಳನ್ನು ಇನ್ನೂ ಪೂರ್ತಿ ತೀರಿಸಿಲ್ಲ. ಸರ್ವರ್ ತಾನಾಗಿ ಎದ್ದಿತು, 105ರಲ್ಲೇ. ಬೂಟ್‌ನಲ್ಲಿ ಅರ್ಧ ಜಾಗ ಖಾಲಿ.

ಪರೀಕ್ಷೆ ಸುಸೂತ್ರವಾಗಿ ಮುಗಿಯಿತು. ಸಂಜೆ ಪ್ರಿನ್ಸಿಪಾಲರು ಇಬ್ಬರನ್ನೂ ಕರೆದರು. ಬೆಳಗ್ಗೆ ನಾನು ಅತ್ತ ಸುದ್ದಿ ಆ ಹುಡುಗಿಯ ಬಾಯಿಂದ ಅವರವರೆಗೂ ಹೋಗಿತ್ತು. ಅವರು ಕೇಳಿದ್ದು ನನ್ನನ್ನಲ್ಲ, ಅಕ್ಕನನ್ನು. "ಸರ್ವರ್ ಕೆಟ್ಟಿತ್ತಂತಲ್ಲ ಅಕ್ಕ. ಯಾರು ಕೆಡಿಸಿದ್ದು?"

"ಇವ್ಳೇ ಸಾರ್" ಅಂದರು ಅಕ್ಕ. ಅಕ್ಕ ಅದೇ ಉಸಿರಿನಲ್ಲಿ, "ಸರಿ ಮಾಡ್ದೋಳೂ ಇವ್ಳೇ. ನಾನ್ ಕೀಬೋರ್ಡ್ ಮುಟ್ಟೇ ಇಲ್ಲ" ಅಂದರು.

ಪ್ರಿನ್ಸಿಪಾಲರು ನನ್ನನ್ನೊಮ್ಮೆ ನೋಡಿ, ಇನ್ನು ಮೇಲೆ ಪ್ರಾಜೆಕ್ಟ್‌ಗಳ ಇನ್ನೊಂದು ಪ್ರತಿ ಬೇರೆ ಕಡೆ ಇಡಬೇಕು ಅಂತಷ್ಟೇ ಹೇಳಿ ಕಳಿಸಿದರು. ನನ್ನ ಕೆಲಸ ಉಳಿಯಿತು. ಅಕ್ಕ ನಿವೃತ್ತರಾಗಿ ಕುದೇರು ಸೇರಿದ್ದಾರೆ, ನಾನು ಈಗ ಚಾಮರಾಜನಗರದ ಕಾಲೇಜೊಂದರಲ್ಲಿದ್ದೇನೆ. ಇವತ್ತು ನಾನು ತಿನ್ನುವ ಅನ್ನದಲ್ಲಿ ಅವರದೂ ಪಾಲಿದೆ.

ಅವತ್ತು ಬಸ್‌ಸ್ಟ್ಯಾಂಡಿನವರೆಗೂ ನಾನು ಮುಖ ಊದಿಸಿಕೊಂಡೇ ನಡೆದೆ. "ಕರೆಂಟ್ ಹೋಗಿ ಕೆಟ್ಟಿತ್ತು ಅಂದಿದ್ದರೆ ಆಗುತ್ತಿರಲಿಲ್ಲವೇ ಅಕ್ಕ?"

ಚಾಮರಾಜನಗರದ ಬಸ್ಸು ಬಂದು ನಿಂತಿತ್ತು. ಅಕ್ಕ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ತಿರುಗಿದರು. "ಸುಳ್ಳು ಯೋಳಕ್ಕೆ ನನ್ಗೆ ಬರಾಕಿಲ್ಲ ಕಣಮ್ಮಿ. ಸಾರ್ ನನ್ನೇ ಕೇಳ್ತಾರೆ ಅಂತ ಗೊತ್ತಿತ್ತು. ಅದ್ಕೇಯ ಎಲ್ಲಾನೂ ನಿನ್ ಕೈಲೇ ಮಾಡಿಸ್ದೆ."