ಈನಿಡ್ ಟ್ರ್ಯಾಂಟರ್ ಮತ್ತು ತಡಮೆಯಿಲ್ಲದ ದಾರಿ

ಈನಿಡ್ ಟ್ರ್ಯಾಂಟರ್ ತೀರಿಕೊಂಡಾಗ ನಮ್ಮ ಹಾರ್ಕಂನಲ್ಲಿ ಅತ್ತವರದು ಎರಡು ಪಂಗಡ. ಅವಳಿಗಾಗಿ ಅತ್ತವರು ಒಂದು, ದಾರಿಗಾಗಿ ಅತ್ತವರು ಇನ್ನೊಂದು. ಹೆಚ್ಚಿನವರು ಎರಡರಲ್ಲೂ ಇದ್ದರು. ನಾನೂ ಇದ್ದೆ.

ಅವಳು ಊರಿನ ಶಾಲೆಯಲ್ಲಿ ಅಡುಗೆಯವಳಾಗಿದ್ದವಳು. ಇವತ್ತು ಊರಿನಲ್ಲಿ ತಲೆ ಬೆಳ್ಳಗಾಗಿರುವ ಅರ್ಧ ಜನ ಅವಳ ಕಸ್ಟರ್ಡ್ ತಿಂದು ಬೆಳೆದವರು. ಆ ಕಸ್ಟರ್ಡಿನ ಗಂಟುಗಳನ್ನು ನುಂಗಿದವರಿಗೆ ಬದುಕಿನಲ್ಲಿ ಆಮೇಲೆ ಬಂದ ಯಾವುದೂ ಅಷ್ಟು ಗಟ್ಟಿ ಅನ್ನಿಸಲಿಲ್ಲ. ಗಂಡ ಸಿರಿಲ್ ಹಾಲಿನ ಲಾರಿ ಓಡಿಸುತ್ತಿದ್ದ. ನಿವೃತ್ತನಾದ ಮೊದಲ ಚಳಿಗಾಲದಲ್ಲೇ ಅವನಿಗೆ ಲಕ್ವ ಹೊಡೆದು ಬಲಗಾಲು ಮಾತು ಕೇಳದಂತಾಯಿತು. ಡಾಕ್ಟರು, "ದಿನಾ ನಡೀರಿ, ಬಿಟ್ರೆ ಆ ಕಾಲು ನಿಮ್ಮದಲ್ಲ" ಅಂದರು.

ನಡೆಯುವುದಕ್ಕೇನು, ನಮ್ಮೂರಿನ ಸುತ್ತ ಕಾಲುದಾರಿಗಳಿಗೆ ಬರವಿಲ್ಲ. ಆದರೆ ಒಂದೊಂದು ಹೊಲದ ಬೇಲಿಗೂ ಒಂದೊಂದು ತಡಮೆ. ಎರಡು ಹಲಗೆಯ ಮೆಟ್ಟಿಲು ಹತ್ತಿ, ಮೇಲಿನ ಅಡ್ಡಪಟ್ಟಿಗೆ ಕಾಲೆತ್ತಿ ಹಾಕಿ, ಆಚೆ ಇಳಿಯಬೇಕು. ದನ ದಾಟಬಾರದು, ಮನುಷ್ಯ ದಾಟಬೇಕು ಅನ್ನುವುದು ಅದರ ಉದ್ದೇಶ. ವಯಸ್ಸಾದ ಮೇಲೆ ಮನುಷ್ಯನೂ ದನದ ಲೆಕ್ಕಕ್ಕೇ ಸೇರುತ್ತಾನೆ. ತಡಮೆಯಿಲ್ಲದ ದಾರಿ ಒಂದೇ ಇತ್ತು. ಚರ್ಚಿನ ಹಿಂಬಾಗಿಲಿನಿಂದ ಬಫ್ಟನ್ ಮುದುಕನ ಹುಲ್ಲುಗಾವಲಿನೊಳಗೆ ಹಾಯ್ದು, ತೊರೆಯ ಪಕ್ಕದಲ್ಲೇ ಹಳೇ ಗಿರಣಿಯ ಸೇತುವೆಗೆ ಹೋಗುವ ಸಮತಟ್ಟು ದಾರಿ. ಬಫ್ಟನ್‌ಗೇ ಸೊಂಟ ನೋವು, ಹಾಗಾಗಿ ಎಲ್ಲ ಕಡೆ ತಳ್ಳಿದರೆ ತೆರೆಯುವ ಗೇಟು ಹಾಕಿಸಿದ್ದ.

ಕಾಲೆಳೆದುಕೊಂಡು ಜನರೆದುರು ನಡೆಯಲು ಸಿರಿಲ್‌ಗೆ ನಾಚಿಕೆ. ಈನಿಡ್ ಅವನಿಗೆ ಧೈರ್ಯ ಹೇಳುವ ಗೋಜಿಗೆ ಹೋಗಲಿಲ್ಲ. ಅವನಿಗಿಂತ ನಿಧಾನವಾಗಿ ನಡೆಯುವವರನ್ನು ಊರೆಲ್ಲ ಹುಡುಕಿ ತಂದಳು. ಮಂಡಿ ಸವೆದವರು, ಉಬ್ಬಸದವರು, ಕಣ್ಣು ಮಂಜಾದವರು. ಹೀಗೆ ಶುರುವಾಯಿತು ಹಾರ್ಕಂನ ಬುಧವಾರದ ನಡಿಗೆ. ಅದರಲ್ಲಿ ಸಿರಿಲ್ ಯಾವಾಗಲೂ ಎಲ್ಲರಿಗಿಂತ ಮುಂದೆ. "ಸ್ವಲ್ಪ ನಿಧಾನ ಕಣೋ ಸಿರಿಲ್, ನಿನ್ನ ಜೊತೆ ಓಡೋಕಾಗಲ್ಲ!" ಅಂತ ಹಿಂದಿನಿಂದ ಡಾಫ್ನಿ ಪ್ರಾಸರ್ ಕೂಗಿದಾಗ ಅವನ ಮುಖ ನೋಡಬೇಕಿತ್ತು.

ಈನಿಡ್‌ಗೆ ಒಂದು ಪದ್ಧತಿ. ಹೊಸ ವರ್ಷದ ಮೊದಲ ವಾರ ಒಂದು ಬಾಟಲಿ ಜಾಮ್ ಹಿಡಿದು ಬಫ್ಟನ್‌ನ ಅಡುಗೆಮನೆ ಬಾಗಿಲು ತಟ್ಟುತ್ತಿದ್ದಳು. ಒಮ್ಮೆ ನಾನೂ ಜೊತೆಗಿದ್ದೆ.

"ಈ ವರ್ಷವೂ ನಾವು ಹುಲ್ಲುಗಾವಲಲ್ಲಿ ಓಡಾಡ್ಬಹುದಾ ಬಫ್ಟನ್?"

"ಬಂದ್ಯಾ ತಾಯಿ ಮತ್ತೆ ಕೇಳೋಕೆ? ನೀನು ಕೇಳ್ದೆ ಹೋದ್ರೆ ನಾನೇನು ನಾಯಿ ಬಿಡ್ತೀನಾ?"

"ಇನ್ನೊಬ್ಬರ ನೆಲಕ್ಕೆ ಕಾಲಿಡೋವಾಗ ಕೇಳ್ಬೇಕಪ್ಪ."

"ಸರಿ, ಓಡಾಡ್ಕೊಳ್ಳಿ. ಇದು ಗೂಸ್‌ಬೆರಿದಾ? ಥೂ, ಹುಳಿ. ಮುಂದಿನ ಸಲ ಪ್ಲಮ್‌ದು ತಾ."

ಹೀಗೆ ವರ್ಷಗಳು ಕಳೆದವು. ಬಫ್ಟನ್ ಸತ್ತ. ಜಮೀನನ್ನು ಲಂಡನ್ನಿನ ಕ್ರಿಸ್ಪಿನ್ ಮೇಥರ್ ಅನ್ನುವವನು ಕೊಂಡ. ಒಂದು ಬುಧವಾರ ಹೋಗಿ ನೋಡಿದರೆ ಗೇಟಿಗೆ ತಂತಿ ಸುತ್ತಿ, 'ಖಾಸಗಿ' ಎಂದು ಬೋರ್ಡು ಹಾಕಿತ್ತು.

ಇಂಥ ಹೊತ್ತಿಗೆಂದೇ ದೇವರು ಹಂಫ್ರಿ ಡ್ಯಾಲಿಮೋರ್‌ನನ್ನು ನಮ್ಮೂರಿಗೆ ಕಳಿಸಿದ್ದ. ವಿಮಾ ಕಂಪನಿಯಲ್ಲಿ ಮ್ಯಾನೇಜರಾಗಿದ್ದವನು. ಈಗ ಕಾಲುದಾರಿ ಸಮಿತಿಯ ಅಧ್ಯಕ್ಷ. ಕೊರಳಿಗೆ ಸದಾ ನಕ್ಷೆಯ ಚೀಲ ನೇತುಹಾಕಿಕೊಂಡು, ಬ್ರೆಡ್ ತರಲು ಹೋಗುವಾಗಲೂ ದಂಡಯಾತ್ರೆಗೆ ಹೊರಟವನಂತೆ ಹೋಗುತ್ತಿದ್ದ. ಅವನು ನಮ್ಮನ್ನೆಲ್ಲ ತನ್ನ ಮನೆಗೆ ಕರೆಸಿ, ಚಹಾ ಕೊಟ್ಟು, ಕಾನೂನು ಹೇಳಿದ.

"ಇಪ್ಪತ್ತು ವರ್ಷ ಜನ ಒಂದು ದಾರೀಲಿ ನಡೆದಿದ್ರೆ ಅದು ಜನರದ್ದೇ. ಆದ್ರೆ ಕದ್ದು ನಡೆದಿರಬಾರದು, ಜಗಳ ಮಾಡಿ ನಡೆದಿರಬಾರದು, ಕೇಳಿ ನಡೆದಿರಬಾರದು."

"ಕೇಳಿದ್ರೆ ಏನಾಗುತ್ತೆ?" ಅಂದಳು ಡಾಫ್ನಿ.

"ಕೇಳಿದ್ರೆ ಅದು ಹಕ್ಕಲ್ಲ, ಬರೀ ಅನುಮತಿ. ದಾರಿ ಹೋಯ್ತು ಅಂತಲೇ."

ಎಲ್ಲರ ಕಣ್ಣೂ ನಿಧಾನಕ್ಕೆ ಈನಿಡ್ ಕಡೆ ತಿರುಗಿದವು. ಬಾಗಿಲಿಗೆ ಬಂದವನು ಕಳ್ಳನಾದರೂ ಮೊದಲು 'ಕ್ಷಮಿಸಿ' ಅನ್ನುವ ಜನ ನಾವು. ನಮ್ಮ ಈ ಮರ್ಯಾದೆಯೇ ನಮಗೆ ಉರುಳಾಗಬಹುದೆಂದು ಯಾರು ಎಣಿಸಿದ್ದರು!

ಡ್ಯಾಲಿಮೋರ್ ಗಂಟಲು ಸರಿಮಾಡಿಕೊಂಡ. "ಈನಿಡ್ ಅವರೇ, ದಾರಿ ಜನರದ್ದು ಅಂತ ನಾನು ಸರ್ಕಾರಕ್ಕೆ ಅರ್ಜಿ ಹಾಕ್ತೀನಿ. ವಿಚಾರಣೇಲಿ ಕೇಳಿದ್ರೆ 'ಜ್ಞಾಪಕ ಇಲ್ಲ' ಅನ್ನಿ. ನಿಮ್ಮ ವಯಸ್ಸಿಗೆ ಅದು ಸಹಜವಾಗೇ ಕಾಣುತ್ತೆ."

"ನಾನು ನಿಮಗಿಂತ ಚಿಕ್ಕವಳು, ಡ್ಯಾಲಿಮೋರ್ ಅವರೇ," ಅಂದಳು ಈನಿಡ್. "ನಿಮಗೆ ಜ್ಞಾಪಕ ಇಲ್ಲ ಅಂತ ಕಾಣುತ್ತೆ."

ವಿಚಾರಣೆ ಊರಿನ ಸಭಾಭವನದಲ್ಲಿ ನಡೆಯಿತು. ಸರ್ಕಾರದ ಕಡೆಯ ಅಧಿಕಾರಿ ವೇದಿಕೆಯ ಮೇಲೆ ಕೂತರು. ಒಬ್ಬೊಬ್ಬರಾಗಿ ಹೋಗಿ, ನಡೆದಿದ್ದೇವೆ ಎಂದು ಹೇಳಿ ಬಂದೆವು. ಸಿರಿಲ್ ಕೋಲೂರಿ ನಿಂತು ಹೇಳಿದಾಗ ಅಧಿಕಾರಿಯ ಮುಖ ಮೆತ್ತಗಾಗಿದ್ದನ್ನು ನಾವೆಲ್ಲ ಕಂಡೆವು. ಕೊನೆಗೆ ಈನಿಡ್ ಬಂದಳು. ಮೇಥರ್‌ನ ವಕೀಲ ಎದ್ದು ನಿಂತ.

"ಅಮ್ಮಾ, ನೀವು ಯಾವತ್ತಾದರೂ ಬಫ್ಟನ್ ಅವರ ಅಪ್ಪಣೆ ಕೇಳಿದ್ರಾ?"

ಅವಳು ಸಿರಿಲ್ ಕಡೆ ಒಮ್ಮೆ ನೋಡಿದಳು. ಅವನು ತನ್ನ ಕಾಲು ನೋಡುತ್ತಿದ್ದ.

"ಪ್ರತಿ ವರ್ಷ ಕೇಳ್ತಿದ್ದೆ. ಅವನು ಆಗಲಿ ಅಂತಿದ್ದ."

"ನಿಮಗೊಬ್ಬರಿಗೇನಾ?"

"ಅಯ್ಯೋ, ನನಗೊಬ್ಬಳಿಗೇ ಯಾಕೆ? ಇಡೀ ಊರಿಗೆ."

ಯಾರದೋ ಕುರ್ಚಿ ಕಿರುಗುಟ್ಟಿತು. ಡ್ಯಾಲಿಮೋರ್ ತನ್ನ ನಕ್ಷೆಯನ್ನು ಮಡಚತೊಡಗಿದ. ಅದು ಸರಿಯಾಗಿ ಮಡಚಿಕೊಳ್ಳಲಿಲ್ಲ.

ಆಮೇಲೆ ಅವಳನ್ನೂ, ಕೋಲೂರಿಕೊಂಡು ದೂರದಲ್ಲಿ ಹಿಂದೆ ಬರುತ್ತಿದ್ದ ಸಿರಿಲ್‌ನನ್ನೂ ಮನೆವರೆಗೆ ಬಿಡಲು ಹೋದವನು ನಾನೊಬ್ಬನೇ. "ಸುಮ್ಮನಿದ್ದಿದ್ರೆ ಆಗ್ತಿತ್ತಲ್ಲ ಈನಿಡ್, ಸಿರಿಲ್‌ಗೋಸ್ಕರ ಆದ್ರೂ," ಅಂದೆ.

ಅವಳು ಕೋಟಿನ ಗುಂಡಿ ಹಾಕಿಕೊಂಡಳು. "ಅದು ಬಫ್ಟನ್ ಕೊಟ್ಟಿದ್ದು ಕಣಪ್ಪ. ಅವನು ಕೊಡಲೇ ಇಲ್ಲ, ನಾವೇ ತುಳ್ಕೊಂಡು ಹೋದ್ವಿ ಅಂತ ಹೇಗೆ ಹೇಳ್ಲಿ? ಪಾಪ, ಸತ್ತುಹೋಗಿದಾನೆ. ಬಂದು ಅಲ್ಲ ಅನ್ನೋಕಾಗುತ್ತಾ?"

ದಾರಿ ಹೋಯಿತು. ಊರು ಅವಳ ಮೇಲೆ ಮುನಿಯಿತು. ನಮ್ಮೂರಿನ ಮುನಿಸು ನೋಡುವವರಿಗೆ ತಿಳಿಯುವುದಿಲ್ಲ. ಯಾರೂ ಬೈಯುವುದಿಲ್ಲ, ಬಾಗಿಲು ಹಾಕುವುದಿಲ್ಲ. ಬರೀ ಹವಾಮಾನ ಮಾತಾಡುತ್ತಾರೆ. "ಚಳಿ, ಅಲ್ವಾ?" "ಹೌದು, ಚಳಿ." ಆ ಚಳಿಗಾಲ ಪೂರ್ತಿ ಈನಿಡ್‌ಗೆ ಸಿಕ್ಕ ಮಾತು ಅಷ್ಟೇ. ಸಿರಿಲ್ ಕಿಟಕಿ ಪಕ್ಕದ ಕುರ್ಚಿ ಹಿಡಿದ. ರಸ್ತೆಯಲ್ಲಿ ಲಾರಿಗಳು ಬಿರುಸಾಗಿ ಬರುತ್ತವೆ, ಬೇರೆ ಕಡೆಯೆಲ್ಲ ತಡಮೆ. ಕಾಲು ದಿನೇ ದಿನೇ ಮರಗಟ್ಟಿತು. ವಸಂತದ ಹೊತ್ತಿಗೆ ಕುರ್ಚಿಯಿಂದ ಏಳಲು ಅವನಿಗೆ ಹೆಂಡತಿಯ ಹೆಗಲು ಬೇಕಾಯಿತು.

ಆಗ ಅವಳು ತನ್ನ ಒಳ್ಳೇ ಕೋಟು ಹಾಕಿಕೊಂಡು ಮೇಥರ್‌ನ ಬಾಗಿಲು ತಟ್ಟಿದಳು. ಗೆದ್ದವನ ಮನೆಗೆ ಸೋತವಳು ಹೋದಳು ಅಂತ ಊರು ಆಡಿಕೊಂಡಿತು. ಒಳಗೆ ನಡೆದದ್ದನ್ನು ಅವಳೇ ನನಗೆ ಹೇಳಿದ್ದಳು.

"ನೀವು ಬದುಕಿರೋವರೆಗೂ ಬುಧವಾರ ಬುಧವಾರ ಬನ್ನಿ," ಅಂದನಂತೆ ಮೇಥರ್. "ನಿಮ್ಮ ಜೊತೆಯವರೂ ಬರ್ಲಿ. ನೀವು ಇಲ್ದಿದ್ರೆ ಯಾರೂ ಇಲ್ಲ. ಅವತ್ತು ಅಲ್ಲಿ ನಿಜ ಹೇಳಿದ್ದು ನೀವೊಬ್ಬರೇ."

ಹಾಗೇ ಆಗಲಿ ಅಂತ ಅವಳು ಮಾತು ಕೊಟ್ಟು ಬಂದಳು. ತಂತಿ ಬಿಚ್ಚಿತು. ಊರಿನ ಮುನಿಸೂ ಬಿಚ್ಚಿತು, ನೋಡಿ! ಒಬ್ಬ ಹೆಂಗಸಿನ ಆರೋಗ್ಯದ ಬಗ್ಗೆ ಒಂದು ಊರು ಅಷ್ಟು ಚಿಂತೆ ಮಾಡಿದ್ದನ್ನು ನಾನು ಕಂಡಿಲ್ಲ. ಅವಳು ಸೀನಿದರೆ ಮೂರು ಮನೆಯ ಕಿಟಕಿ ತೆರೆಯುತ್ತಿತ್ತು. ಡ್ಯಾಲಿಮೋರ್ ಜೇನುತುಪ್ಪ ಹೊತ್ತು ತಂದ. ಮಂಜು ಬಿದ್ದ ಬೆಳಿಗ್ಗೆ ಅವಳ ಬಾಗಿಲಿನ ಮುಂದೆ ಯಾರೋ, ಮಂಜು ಕರಗಿ ಕಾಲು ಜಾರದಿರಲೆಂದು, ಉಪ್ಪು ಚೆಲ್ಲಿ ಹೋಗುತ್ತಿದ್ದರು.

"ನೀನು ಏಣಿ ಹತ್ತಬೇಡ ಕಣೇ," ಅಂತ ಡಾಫ್ನಿ ಬೈದರೆ, "ಈಗ ನಾನು ಊರಿನ ಆಸ್ತಿ ಕಣೇ ಡಾಫ್ನಿ. ವರ್ಷಕ್ಕೊಂದ್ಸಲ ಬಣ್ಣ ಹೊಡೀರಿ, ತುಕ್ಕು ಹಿಡಿಯಲ್ಲ," ಅನ್ನುತ್ತಿದ್ದಳು.

ಸಿರಿಲ್ ಮತ್ತೆ ನಡೆದ. ಮತ್ತೆ ಎಲ್ಲರಿಗಿಂತ ಮುಂದೆ. ಒಳ್ಳೆಯ ಎರಡು ಬೇಸಿಗೆ ಸಿಕ್ಕವು. ಮೂರನೆಯದರಲ್ಲಿ ಈನಿಡ್ ಬಡಕಲಾಗತೊಡಗಿದಳು. ಕೇಳಿದರೆ, "ನನ್ನ ಅಡುಗೆ ನಾನೇ ತಿಂತಿದೀನಲ್ಲ, ಅದಕ್ಕೆ," ಅನ್ನುವಳು. ಹೊಟ್ಟೆಯಲ್ಲಿ ಗಡ್ಡೆ ಇದೆಯೆಂದು ಡಾಕ್ಟರಿಗೂ ಅವಳಿಗೂ ಮಾತ್ರ ಗೊತ್ತಿತ್ತು. ಸಾಯುವ ಹಿಂದಿನ ಬುಧವಾರವೂ ಸೇತುವೆಯವರೆಗೆ ಬಂದಿದ್ದಳು. ಆವತ್ತು ಮಾತ್ರ ಸಿರಿಲ್ ಮುಂದೆ ಹೋಗದೆ ಅವಳ ಪಕ್ಕದಲ್ಲೇ ನಡೆದ.

ಮಣ್ಣು ಮಾಡಿದ ಮೇಲಿನ ಬುಧವಾರ, ಯಾರೂ ಯಾರಿಗೂ ಹೇಳದಿದ್ದರೂ, ಎಲ್ಲರೂ ಚರ್ಚಿನ ಹಿಂಬಾಗಿಲಿಗೆ ಬಂದು ನಿಂತಿದ್ದೆವು. ಮೇಥರ್ ಇನ್ನೂ ತಂತಿ ಕಟ್ಟಿಸಿರಲಿಲ್ಲ. ಗೇಟು ತಳ್ಳಿದರೆ ತೆರೆಯುತ್ತಿತ್ತು.

"ಒಂದ್ಸಲ ಹೋಗಿಬಿಡೋಣ. ಯಾರು ನೋಡ್ತಾರೆ?" ಅಂದಳು ಡಾಫ್ನಿ.

ಸಿರಿಲ್ ತಲೆಯಾಡಿಸಿದ. "ಬೇಡ. ಅವಳು ಮಾತು ಕೊಟ್ಟಿದಾಳೆ."

ಅವನು ತಿರುಗಿ ಗುಡ್ಡದ ಕಡೆಯ ದಾರಿ ಹಿಡಿದ. ನಾವು ಹಿಂದೆ ಹೋದೆವು. ಮೊದಲ ಹೊಲದ ಬೇಲಿಯಲ್ಲೇ ತಡಮೆ ಸಿಕ್ಕಿತು. ಮಳೆಗೆ ನೆನೆದು ಹಲಗೆ ಕಪ್ಪಾಗಿತ್ತು. ಡ್ಯಾಲಿಮೋರ್ ನಕ್ಷೆ ತೆಗೆಯಲು ಚೀಲಕ್ಕೆ ಕೈ ಹಾಕಿದ.

"ತಾಳಿ," ಅಂದ ಸಿರಿಲ್. "ಹಿತ್ತಲಲ್ಲಿ ಆಪಲ್ ಪೆಟ್ಟಿಗೆ ಇಟ್ಟು, ಎರಡು ತಿಂಗಳಿಂದ ಈನಿಡ್ ದಿನಾ ನನ್ನನ್ನ ಹತ್ತಿಸಿ ಇಳಿಸ್ತಿದ್ಲು. ಯಾಕೇ ಅಂದ್ರೆ, ಸುಮ್ನೆ ಹತ್ತು ಅನ್ನೋಳು."

ಅವನು ಕಂಬ ಹಿಡಿದು ಎಡಗಾಲನ್ನು ಹಲಗೆಯ ಮೇಲಿಟ್ಟ. ಮೈ ಮೇಲೆದ್ದಿತು. ಬಲಗಾಲು ಮಾತ್ರ ಹಿಂದೆ ಜೋತುಬಿದ್ದು, ಬೂಟಿನ ತುದಿ ಹಲಗೆಗೆ ಬಡಿಯುತ್ತಾ ಉಳಿಯಿತು. ಆಗ ಡ್ಯಾಲಿಮೋರ್ ಚೀಲವನ್ನು ಬೆನ್ನಿಗೆ ಸರಿಸಿ, ಇಸ್ತ್ರಿ ಮಾಡಿದ ಪ್ಯಾಂಟಿನಲ್ಲೇ ಕೆಸರಿಗೆ ಮಂಡಿಯೂರಿದ. ಎರಡೂ ಕೈಯಿಂದ ಆ ಬೂಟು ಹಿಡಿದು ಹಲಗೆಯ ಮೇಲೆ ಇಟ್ಟ.

"ಹತ್ತೋವಾಗ ಒಳ್ಳೇ ಕಾಲು ಮೊದಲು," ಅಂದ ಸಿರಿಲ್, ಮೇಲಿನಿಂದ, ಯಾರನ್ನೂ ನೋಡದೆ. "ಇಳಿಯೋವಾಗ ಕೆಟ್ಟದ್ದು ಮೊದಲು."

"ಸರಿ ಕಣಪ್ಪ," ಅಂದ ಡ್ಯಾಲಿಮೋರ್. "ನಾನು ಹಿಡ್ಕೊಂಡಿದೀನಿ."